ಕಾದಂಬರಿಯ ನಕ್ಷೆ

ಕಾದಂಬರಿ ಬರೆಯಹೊರಟ ತರುಣರು ಕೆಲವರು ಆಗಾಗ ತಮ್ಮ ನೋಟುಪುಸ್ತಕಗಳನ್ನು ತಂದು ತೋರಿಸುವುದುಂಟು. ಮೂವತ್ತು ಅಧ್ಯಾಯಗಳಿಗೂ ಹೆಸರಿಟ್ಟಾಗಿರುತ್ತದೆ. ನಾಯಕಿ ಯಾವುದರಲ್ಲಿ ಅಳಬೇಕು, ಯಾವುದರಲ್ಲಿ ಸಾಯಬೇಕು ಎಂಬುದೂ ನಿಶ್ಚಯವಾಗಿರುತ್ತದೆ. ಉಳಿದಿರುವುದು ಕಾದಂಬರಿಯೊಂದೇ! ಇನ್ನು ಕೆಲವರು, ಪ್ರತಿಭೆಗೆ ನಕ್ಷೆಯ ಹಂಗೇಕೆಂದು ನೇರವಾಗಿ ಬರೆಯತೊಡಗಿ, ಐದನೆಯ ಅಧ್ಯಾಯದಲ್ಲಿ ಕೈಚೆಲ್ಲಿ ಕುಳಿತುಬಿಡುತ್ತಾರೆ. ನನಗೆ ಮೊದಲಿನವರನ್ನು ಕಂಡರೇ ಮರುಕ ಹೆಚ್ಚು. ಪಾಪ, ಅವರು ಪಟ್ಟ ಶ್ರಮ ಸಾಮಾನ್ಯವೆ?

1836ರಲ್ಲಿ 'ಪಿಕ್‌ವಿಕ್ ಪೇಪರ್ಸ್' ಆರಂಭಿಸಿದಾಗ ಚಾರ್ಲ್ಸ್ ಡಿಕನ್ಸನ ಬಳಿ ಹೇಳಿಕೊಳ್ಳುವಂಥ ಕಥಾಸಂವಿಧಾನವಿರಲಿಲ್ಲ. ಹತ್ತು ವರ್ಷಗಳ ತರುವಾಯ 'ಡೊಂಬಿ ಅಂಡ್ ಸನ್' ಬರೆಯುವಾಗಲಾದರೋ, ತಿಂಗಳು ತಿಂಗಳೂ ಹೊರಬೀಳುವ ಒಂದೊಂದು ಸಂಚಿಕೆಗೂ ಒಂದೊಂದು ಹಾಳೆಯನ್ನು ಸಿದ್ಧಮಾಡಿಕೊಂಡ. ಆ ಹಾಳೆಗಳು ಇಂದಿಗೂ ಉಳಿದಿವೆ. ಬಲಭಾಗದಲ್ಲಿ ಅಧ್ಯಾಯಗಳ ಸಾರ. ಎಡಭಾಗದಲ್ಲಿ ತನಗೆ ತಾನೇ ಬರೆದುಕೊಂಡ ಟಿಪ್ಪಣಿಗಳು. ಸ್ವಾರಸ್ಯವಿರುವುದು ಈ ಎಡಭಾಗದಲ್ಲಿಯೇ. ಇಂಥ ಪಾತ್ರವನ್ನು ಈ ಸಲ ತರಬಹುದೆ, ಇಂಥ ಪ್ರಸಂಗವನ್ನು ಈಗಲೇ ಹೇಳಬಹುದೆ ಎಂದು ಅಲ್ಲಿ ಪ್ರಶ್ನೆಗಳಿವೆ; ಪಕ್ಕದಲ್ಲಿ ಹೌದು, ಬೇಡ, ಇನ್ನೂ ಕಾಲ ಬಂದಿಲ್ಲ ಎಂಬ ಧಾಟಿಯ ಉತ್ತರಗಳಿವೆ. ಅಚ್ಚಾಗಿ ವಾಚಕರ ಕೈಸೇರಿದ ಸಂಚಿಕೆಯನ್ನು ಹಿಂದಕ್ಕೆ ಪಡೆದು ತಿದ್ದುವಂತಿಲ್ಲ. ಆದ್ದರಿಂದ ಅವನಿಗೆ ನಕ್ಷೆ ಬೇಕೇಬೇಕಾಗಿತ್ತು. ಆದರೂ ಆ ನಕ್ಷೆಯಲ್ಲಿ ಅವನು ಅನುಮಾನಕ್ಕೆ ಅರ್ಧ ಹಾಳೆಯನ್ನೇ ಬಿಟ್ಟುಕೊಟ್ಟಿದ್ದನು.

ಟಾಲ್‌ಸ್ಟಾಯಿಯ ಸಂಗತಿ ಇನ್ನೂ ವಿಚಿತ್ರವಾದುದು. 1825ರ ದಂಗೆಯಲ್ಲಿ ಸೇರಿ ಸೈಬೀರಿಯಕ್ಕೆ ಗಡೀಪಾರಾದವನೊಬ್ಬನು 1856ರಲ್ಲಿ ಮರಳಿ ಬರುವ ಕಥೆಯನ್ನು ಅವನು ಬರೆಯಹೊರಟ. ಆ ಮನುಷ್ಯನನ್ನು ಅರಿಯಲು 1825ಕ್ಕೆ ಹೋಗಬೇಕೆನಿಸಿತು, ಅವನ ಯೌವನವನ್ನು ಅರಿಯಲು 1812ಕ್ಕೆ, ಅಲ್ಲಿಂದ 1805ಕ್ಕೆ. 'ಯುದ್ಧ ಮತ್ತು ಶಾಂತಿ' ಮೊದಲಾಗುವುದು ಆ ವರ್ಷದಲ್ಲಿ. ಸೈಬೀರಿಯದಿಂದ ಮರಳುವ ಮುದುಕ ಮಾತ್ರ ಅದರಲ್ಲಿ ಎಲ್ಲಿಯೂ ಇಲ್ಲ. ನಕ್ಷೆ ಸೋತಿತೆನ್ನೋಣವೆ? ನನಗೆ ಹಾಗೆ ತೋರುವುದಿಲ್ಲ. ಇವನು ಹೀಗೇಕಾದ ಎಂಬ ಪ್ರಶ್ನೆಯೇ ಅಲ್ಲಿ ನಕ್ಷೆಯಾಗಿತ್ತು, ಬದಲಾದುದು ಇಸವಿಗಳು.

ತರುಣರ ನೋಟುಪುಸ್ತಕಗಳಲ್ಲಿ ನಾನು ಹುಡುಕುವುದೂ ಇಂಥ ಒಂದು ಪ್ರಶ್ನೆಯನ್ನೇ. ಇಪ್ಪತ್ತೆಂಟನೆಯ ಅಧ್ಯಾಯದಲ್ಲಿ ನಾಯಕಿ ಸಾಯುತ್ತಾಳೆ, ಸರಿ. ಬದುಕಿಯೇ ತೀರುತ್ತೇನೆಂದು ಅವಳು ಹಟ ಹಿಡಿದರೆ ಏನು ಮಾಡುವೆಯಪ್ಪ ಎಂದು ಒಬ್ಬನನ್ನು ಕೇಳಿದೆ. ಅವನು ಮಾತಾಡದೆ ಪುಸ್ತಕವನ್ನು ಮಡಿಚಿಕೊಂಡು ಎದ್ದುಹೋದ. ಮುಂದಿನ ವಾರ ಬಂದಾಗ ನೋಟುಪುಸ್ತಕವಿರಲಿಲ್ಲ. ಮೊದಲ ಅಧ್ಯಾಯವನ್ನು ಬರೆದು ತಂದಿದ್ದ.