‘ಮ್ಯೂ’ ಹೋಗಿ ‘ಎಂ’ ಬಂದ ಕಥೆ

ಕಾಲೇಜಿನ ವಾರ್ಷಿಕ ಸಂಚಿಕೆಯ ಕರಡು ತಿದ್ದುವ ಭಾರವು ಕನ್ನಡ ಅಧ್ಯಾಪಕನದೆಂಬುದು ಎಲ್ಲೆಡೆಯೂ ನಡೆದುಬಂದ ಸಂಪ್ರದಾಯ. ಕಳೆದ ವರ್ಷ ಜೀವಶಾಸ್ತ್ರದ ಮಿತ್ರರೊಬ್ಬರು ತಾಯಿಯಾಗಬಯಸುವವರಿಗೆ ದಿನವೊಂದಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲವು ಅವಶ್ಯಕವೆಂದು ಬರೆದು, ‘ಮೈಕ್ರೋ’ ಎಂಬುದನ್ನು ಗ್ರೀಕಿನ ‘ಮ್ಯೂ’ ಅಕ್ಷರದಿಂದ ಸೂಚಿಸಿದ್ದರು. ಪುಟ ಕಟ್ಟಿ ಬಂದಾಗ ಅಲ್ಲಿ ‘ಎಂ’ ಕುಳಿತಿತ್ತು. ಎಂದರೆ 400 ಮಿಲಿಗ್ರಾಂ. ಒಂದಕ್ಕೆ ಸಾವಿರ ಪಾಲು! ನಾನು ಕಾಗುಣಿತದಲ್ಲೇ ಮುಳುಗಿದ್ದೆ. ಕಂಡು ಹೌಹಾರಿದವಳು ಗರ್ಭಿಣಿಯಾಗಿದ್ದ ನನ್ನ ಮಡದಿ.

ಆದುದಿಷ್ಟು. ‘ಸಿಂಬಲ್’ ಎಂಬ ಹಳೆಯ ಫಾಂಟಿನಲ್ಲಿ ‘ಎಂ’ ಕೀಲಿಯನ್ನೊತ್ತಿದರೆ ಮ್ಯೂ, ‘ಪಿ’ ಒತ್ತಿದರೆ ಪೈ ಮೂಡುತ್ತದೆ. ಕಣ್ಣಿಗೆ ಗ್ರೀಕ್, ಗಣಕಯಂತ್ರದ ಒಡಲಲ್ಲಿ ಇಂಗ್ಲಿಷ್! ಇಡೀ ಪುಟಕ್ಕೆ ಬೇರೊಂದು ಫಾಂಟ್ ಹಾಕಿದೊಡನೆ ವೇಷ ಕಳಚಿ ಬೀಳುತ್ತದೆ. (ಯೂನಿಕೋಡ್‌ಗಿಂತ ಹಿಂದಿನ ನುಡಿ ಫಾಂಟುಗಳಲ್ಲಿ ನಮ್ಮ ಕನ್ನಡದ್ದೂ ಇದೇ ಪಾಡು.) ಯೂನಿಕೋಡಿನಲ್ಲಾದರೋ ಮ್ಯೂವಿಗೆ ತನ್ನದೇ ಸಂಖ್ಯೆಯುಂಟು. ಇನ್‌ಡಿಸೈನ್‌ನ ‘ಗ್ಲಿಫ್ಸ್’ ಫಲಕದಿಂದ ಆರಿಸಿ ಕೂರಿಸಬಹುದು. ವಿಂಡೋಸ್‌ನಲ್ಲಿ ಆಲ್ಟ್ ಕೀಲಿಯನ್ನು ಹಿಡಿದು, ಬಲಗಡೆಯ ಅಂಕಿಗಳ ಕೀಲಿಗಳಿಂದ 0181 ಎಂದೊತ್ತಿದರೂ ಮೈಕ್ರೋ ಚಿಹ್ನೆ ಬರುತ್ತದೆ.

ಸಂಚಿಕೆ ಎರಡು ದಿನ ತಡವಾಯಿತು. ಕಾರಣವನ್ನು ಜೀವಶಾಸ್ತ್ರದ ಮಿತ್ರರಿಗೆ ನಾನಿನ್ನೂ ಹೇಳಿಲ್ಲ.