ಬೈರಾಡ್ಸ್ 4 ಎಂದರೆ ನಾಲ್ಕನೇ ಹಂತವಲ್ಲ



ನಮ್ಮ ಧರ್ಮಕೇಂದ್ರದ ಒಬ್ಬ ಅಮ್ಮನ ಮನೆಯಲ್ಲಿ, ಈ ಮಳೆಗಾಲವಿಡೀ ಕಪಾಟಿನ ಮೇಲೆ ಒಂದು ದೊಡ್ಡ ಲಕೋಟೆ ಇತ್ತು. ಒಳಗೆ ಮ್ಯಾಮೊಗ್ರಾಮ್ ಫಿಲ್ಮು, ಜೊತೆಗೆ ಒಂದು ಪುಟದ ವರದಿ. ಜೂನ್‌ನಲ್ಲಿ ಮಂಗಳೂರಿಗೆ ಹೋಗಿ ಪರೀಕ್ಷೆ ಮಾಡಿಸಿಕೊಂಡು ಬರುವಾಗ ಬಸ್ಸಿನಲ್ಲೇ ಮಗಳು ಅದನ್ನು ಬಿಚ್ಚಿ ಓದಿದ್ದಳು. ಕೊನೆಯಲ್ಲಿ ‘ಬೈರಾಡ್ಸ್ 4’ ಎಂದಿತ್ತು. ಅವಳಿಗೆ ಕೇಳಿ ಗೊತ್ತಿದ್ದ ನಾಲ್ಕು ಒಂದೇ, ಕ್ಯಾನ್ಸರಿನ ನಾಲ್ಕನೇ ಹಂತ. ವಿಟ್ಲ ದಾಟುವಷ್ಟರಲ್ಲಿ ಅವಳ ಮುಖ ನೋಡಿ ಅಮ್ಮನಿಗೂ ಗೊತ್ತಾಯಿತು. “ಇನ್ನು ಖರ್ಚು ಮಾಡಿ ಏನು ಪ್ರಯೋಜನ? ನಿನ್ನ ಕಾಲೇಜು ಒಂದು ಮುಗಿಯಲಿ” ಎಂದರಂತೆ. ಲಕೋಟೆ ಕಪಾಟಿನ ಮೇಲೆ ಹೋಯಿತು.

ಇದನ್ನು ಅವರ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇವೆ. “ಹೆಸರು ಬೇಡ, ವಿಷಯ ಹಾಕಿ” ಎಂದರು.

ಬೈರಾಡ್ಸ್ ಎಂಬುದು ರೋಗದ ಹಂತವೇ ಅಲ್ಲ. ಸ್ತನದ ಚಿತ್ರ ನೋಡಿದ ರೇಡಿಯಾಲಜಿ ವೈದ್ಯರು, ತಮಗೆ ಎಷ್ಟು ಅನುಮಾನವಿದೆ, ಮುಂದೆ ಏನು ಮಾಡಬೇಕು ಎಂದು ಚಿಕಿತ್ಸೆಯ ವೈದ್ಯರಿಗೆ ತಿಳಿಸುವ ಸಂಖ್ಯೆ ಅದು. ಒಬ್ಬೊಬ್ಬರು ಒಂದೊಂದು ರೀತಿಯಲ್ಲಿ ವರದಿ ಬರೆದು ಗೊಂದಲವಾಗುತ್ತಿತ್ತೆಂದು ಅಮೆರಿಕದ ರೇಡಿಯಾಲಜಿ ವೈದ್ಯರ ಸಂಘ 1993ರಲ್ಲಿ ಈ ಕ್ರಮ ತಂದಿತು. ಸೊನ್ನೆ ಬಂದರೆ ‘ಏನೂ ಇಲ್ಲ’ ಎಂದು ಸಂತೋಷಪಡಬೇಡಿ. ಈ ಚಿತ್ರ ಸಾಲದು, ಇನ್ನೊಂದು ಸ್ಕ್ಯಾನಿಂಗ್ ಅಥವಾ ಹಳೆಯ ಫಿಲ್ಮು ಬೇಕು ಎಂದು ಅದರ ಅರ್ಥ. ಒಂದು, ಎರಡಕ್ಕೆ ಹೆದರಬೇಕಾಗಿಲ್ಲ. ಮೂರರಲ್ಲಿ ಕ್ಯಾನ್ಸರ್ ಇರುವ ಸಾಧ್ಯತೆ ನೂರಕ್ಕೆ 2ಕ್ಕಿಂತ ಹೆಚ್ಚಿಲ್ಲ, ಸಾಮಾನ್ಯವಾಗಿ ಆರು ತಿಂಗಳಲ್ಲಿ ಮತ್ತೆ ನೋಡುತ್ತಾರೆ. ನಾಲ್ಕು ಎಂದರೆ ಅನುಮಾನವಿದೆ, ಸೂಜಿಯಿಂದ ಚೂರು ತೆಗೆದು ಪರೀಕ್ಷಿಸಬೇಕು. ಈ ನಾಲ್ಕರ ಒಳಗೇ ಅಜಗಜಾಂತರ: 4ಎ ಆದರೆ ಸಾಧ್ಯತೆ ನೂರಕ್ಕೆ 2ರಿಂದ 10, 4ಬಿ ಆದರೆ 10ರಿಂದ 50, 4ಸಿ ಆದರೆ 50ರಿಂದ 95. ಐದು ಬಂದರೆ ಬಹುತೇಕ ಕ್ಯಾನ್ಸರೇ, ಆದರೂ ಕೊನೆಯ ಮಾತು ಬಯಾಪ್ಸಿಯದ್ದು. ಹಂತವನ್ನು ಹೇಳುವುದು ಇದೆಲ್ಲ ಮುಗಿದ ಮೇಲೆ, ಗಡ್ಡೆಯ ಗಾತ್ರ, ಕಂಕುಳಿನ ಗ್ರಂಥಿ, ದೇಹದ ಬೇರೆ ಭಾಗಗಳನ್ನು ನೋಡಿ.

ಅದೇ ವರದಿಯಲ್ಲಿ ‘ಸಿ’ ಎಂಬ ಅಕ್ಷರವೂ ಇತ್ತು. ಅದು ಸ್ತನದ ಸಾಂದ್ರತೆ ಹೇಳುವ ಅಕ್ಷರ, ಎಯಿಂದ ಡಿವರೆಗೆ ಇರುತ್ತದೆ. ‘ಟೆನ್ ಓ ಕ್ಲಾಕ್’ ಎಂದೂ ಬರೆದಿತ್ತು. ಹತ್ತು ಗಂಟೆಗೆ ಪರೀಕ್ಷೆ ಆಗಿರಬೇಕು ಎಂದುಕೊಂಡೆವು! ಗಡಿಯಾರದ ಮುಖವೆಂದು ಭಾವಿಸಿ, ಗಂಟು ಎಲ್ಲಿದೆ ಎಂದು ತೋರಿಸುವ ಕ್ರಮವಂತೆ ಅದು. ಡಿಗ್ರಿ ಓದಿದ ನಮಗೇ ಇಷ್ಟು. ಮಲಯಾಳಂ ನೋಟೀಸು, ಇಂಗ್ಲಿಷ್ ವರದಿ, ಕನ್ನಡದ ಅಮ್ಮ. ಇದು ನಮ್ಮ ಗಡಿನಾಡಿನ ಮನೆಮನೆಯ ಕಥೆ. ವರದಿಯ ಕೆಳಗೆ ‘ಮುಂದಿನ ವಾರ ಬಂದು ಬಯಾಪ್ಸಿ ಮಾಡಿಸಿ’ ಎಂದು ಕನ್ನಡದಲ್ಲಿ ಒಂದು ಸಾಲು ಬರೆದುಕೊಡಲು ಯಾವ ಆಸ್ಪತ್ರೆಗೂ ಯಂತ್ರ ಬೇಕಾಗಿಲ್ಲ.

ಆದರೆ ಬೇರೆಯವರನ್ನು ದೂರುವ ಮೊದಲು ನಮ್ಮ ಲೆಕ್ಕ ಒಪ್ಪಿಸಬೇಕು. 2025ರ ಫೆಬ್ರವರಿ 4ರಂದು, ವಿಶ್ವ ಕ್ಯಾನ್ಸರ್ ದಿನ, ಕೇರಳ ಸರಕಾರ ‘ಆರೋಗ್ಯಂ ಆನಂದಂ, ಅಗಟ್ಟಾಂ ಅರ್ಬುದಂ’ ಎಂಬ ಅಭಿಯಾನ ಶುರು ಮಾಡಿತು. ಮೊದಲ ಸುತ್ತಿನಲ್ಲಿ ಹೆಂಗಸರ ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆಗೆ ಒತ್ತು ಇತ್ತು. ಆ ಹುಮ್ಮಸ್ಸಿನಲ್ಲಿ ನಾವೂ ಚರ್ಚಿನ ಸಭಾಂಗಣದಲ್ಲಿ ಒಂದು ಶಿಬಿರ ಮಾಡಿದೆವು. ಬ್ಯಾನರ್ ಕಟ್ಟಿದೆವು, ಗುಲಾಬಿ ರಿಬ್ಬನ್ ಹಂಚಿದೆವು, ಬಿರಿಯಾನಿ ಮಾಡಿಸಿದೆವು, ಬಂದವರನ್ನು ಎಣಿಸಿ ಫೋಟೋ ಹಾಕಿದೆವು. ಏಳು ಮಂದಿಗೆ ಮುಂದಿನ ಪರೀಕ್ಷೆಗೆ ಚೀಟಿ ಬರೆದುಕೊಟ್ಟಿದ್ದರು. ಅವರಲ್ಲಿ ಎಷ್ಟು ಮಂದಿ ಹೋದರು ಎಂದು ಕೇಳಿದವರು ನಮ್ಮಲ್ಲಿ ಒಬ್ಬರೂ ಇಲ್ಲ. ಆ ಅಮ್ಮ ಏಳರಲ್ಲಿ ಒಬ್ಬರು. ಅಡಿಕೆ ಸುಲಿದು ಮುಗಿಯಲಿ, ಮಕ್ಕಳ ಪರೀಕ್ಷೆ ಮುಗಿಯಲಿ ಎಂದು ಜೂನ್‌ವರೆಗೆ ಎಳೆದರು.

ಕೈಯಿಂದ ಮುಟ್ಟಿ ನೋಡುವ ತಪಾಸಣೆಯನ್ನು ನಾವು ಹಗುರವಾಗಿ ಕಾಣುತ್ತಿಲ್ಲ. ಮುಂಬಯಿಯಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯವರು ಒಂದೂವರೆ ಲಕ್ಷ ಹೆಂಗಸರನ್ನು ಇಪ್ಪತ್ತು ವರ್ಷ ಗಮನಿಸಿ 2021ರಲ್ಲಿ ಫಲಿತಾಂಶ ಪ್ರಕಟಿಸಿದರು. ತರಬೇತಾದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದಲೇ ಪರೀಕ್ಷಿಸಿದ ಗುಂಪಿನಲ್ಲಿ ರೋಗ ಮುಂದುವರಿದ ಹಂತದಲ್ಲಿ ಪತ್ತೆಯಾದದ್ದು ಕಡಿಮೆ, 50 ದಾಟಿದವರಲ್ಲಿ ಸಾವು ಸುಮಾರು 30 ಶೇಕಡ ಕಡಿಮೆ. ಯಂತ್ರವಿಲ್ಲದೆ ಇಷ್ಟು ಸಾಧ್ಯ. ಆದರೆ ಕೈಗೆ ಗಂಟು ಸಿಕ್ಕಿದ ಮೇಲೆ ಚಿತ್ರ ಬೇಕು, ಚಿತ್ರದಲ್ಲಿ ಅನುಮಾನ ಬಂದರೆ ಸೂಜಿ ಬೇಕು. ಮೂರೂ ಸೇರಿದರೇ ರೋಗನಿರ್ಣಯ. ನಮ್ಮ ಶಿಬಿರ ಮೊದಲನೆಯದರಲ್ಲೇ ಕೈ ತೊಳೆದುಕೊಂಡಿತು.

ಪೆರ್ಲದಿಂದ ಉಳಿದ ಎರಡು ಮೆಟ್ಟಿಲು ದೂರ. ಹತ್ತಿರದ ಉಕ್ಕಿನಡ್ಕದಲ್ಲಿ ವೈದ್ಯಕೀಯ ಕಾಲೇಜಿಗೆ ಶಂಕುಸ್ಥಾಪನೆಯಾದದ್ದು 2013ರಲ್ಲಿ, ಒ.ಪಿ. ಶುರುವಾದದ್ದು 2022ರಲ್ಲಿ. ಮಲಬಾರ್ ಕ್ಯಾನ್ಸರ್ ಸೆಂಟರ್ ಇರುವುದು ತಲಶ್ಶೇರಿಯಲ್ಲಿ, ನೂರು ಕಿಲೋಮೀಟರಿಗೂ ಹೆಚ್ಚು. ಹಾಗಾಗಿ ನಮ್ಮವರು ಸಾರಡ್ಕ ದಾಟಿ ಮಂಗಳೂರಿಗೆ ಹೋಗುತ್ತಾರೆ. 2020ರ ಮಾರ್ಚಿನಲ್ಲಿ ಗಡಿ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದ್ದನ್ನು, ತಲಪಾಡಿಯಲ್ಲಿ ಆಂಬುಲೆನ್ಸ್ ತಡೆದದ್ದನ್ನು ಯಾರೂ ಮರೆತಿಲ್ಲ. ಈಗಲೂ ‘ಆ ಕಡೆಗೋ ಈ ಕಡೆಗೋ’, ‘ಕೇರಳದ ಕಾರ್ಡು ಅಲ್ಲಿ ನಡೆಯುತ್ತದೋ’ ಎಂಬ ಮಾತಿನಲ್ಲೇ ವಾರಗಳು ಕಳೆಯುತ್ತವೆ. ಕಾರ್ಡಿನ ವಿಷಯ ಆಸ್ಪತ್ರೆಯ ವಿಮಾ ಕೌಂಟರಿಗೆ ಒಂದು ಫೋನು ಮಾಡಿ ಕೇಳಬಹುದು. ಅದು ಅಮ್ಮನ ಕೆಲಸ ಆಗಬೇಕಾಗಿಲ್ಲ, ದಿನವಿಡೀ ಫೋನು ಹಿಡಿದಿರುವವರು ನಾವು.

ಇನ್ನು ನಮ್ಮ ಎಣ್ಮಕಜೆಯಲ್ಲಿ ಗಂಟು ಎಂದ ಕೂಡಲೇ ಎಂಡೋಸಲ್ಫಾನ್ ಎನ್ನುವ ಅಭ್ಯಾಸ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದ ವಿಷದ ನೋವು ನಿಜ, ನ್ಯಾಯವೂ ಪೂರ್ತಿ ಸಿಕ್ಕಿಲ್ಲ. ಆದರೆ ಗಂಟು ಏಕೆ ಬಂತು ಎಂದು ಜಗಲಿಯಲ್ಲಿ ಕೂತು ಚರ್ಚಿಸುವವರು, ಅದು ಏನು ಎಂದು ಮೊದಲು ನೋಡಿಸಲಿ. ಹೆಚ್ಚಿನ ಗಂಟುಗಳು ಕ್ಯಾನ್ಸರ್ ಆಗಿರುವುದಿಲ್ಲ. ನಮ್ಮ ಪ್ರಾಯದ ಹುಡುಗಿಯರಲ್ಲಿ ಫೈಬ್ರೊಅಡಿನೋಮ ಎಂಬ ನಿರಪಾಯದ ಗಡ್ಡೆ ಸಾಮಾನ್ಯ, ಹಾಲೂಡಿಸುವ ತಾಯಂದಿರಲ್ಲಿ ಹಾಲು ಕಟ್ಟಿ ಬಾವು ಬರುವುದುಂಟು. ಪ್ರಾಯ ಮೂವತ್ತರ ಒಳಗಿದ್ದರೆ ಸಾಮಾನ್ಯವಾಗಿ ಮೊದಲು ಅಲ್ಟ್ರಾಸೌಂಡೇ ಮಾಡುತ್ತಾರೆ, ಅದರಲ್ಲಿ ಎಕ್ಸ್‌ರೇ ಇಲ್ಲ. ಮ್ಯಾಮೊಗ್ರಾಮಿನಲ್ಲಿ ಎರಡು ಫಲಕಗಳ ನಡುವೆ ಸ್ತನವನ್ನು ಕೆಲವು ಸೆಕೆಂಡು ಒತ್ತುತ್ತಾರೆ, ನೋವಾಗಬಹುದು. ಮುಟ್ಟು ನಿಂತ ನಂತರದ ವಾರದಲ್ಲಿ ಹೋದರೆ ಕಡಿಮೆ. ಅಂದು ಪೌಡರ್ ಹಾಕಬಾರದು, ಹಳೆಯ ಫಿಲ್ಮು ಇದ್ದರೆ ಒಯ್ಯಬೇಕು. ‘ಸೂಜಿ ಚುಚ್ಚಿದರೆ ಹರಡುತ್ತದೆ’ ಎಂಬ ಮಾತು ಮಾತ್ರ ನಮ್ಮ ಊರಿನಿಂದ ಹೋಗಬೇಕು. ಅನುಮಾನದ ಗಂಟನ್ನು ಮುಟ್ಟದೆ ಬಿಟ್ಟರೇ ಅಪಾಯ.

ನೋವಿಲ್ಲ ಎಂದು ಸುಮ್ಮನಿರುವವರೂ ಇದ್ದಾರೆ. ಕ್ಯಾನ್ಸರಿನ ಗಂಟು ಮೊದಲಿಗೆ ನೋಯದಿರುವುದೇ ಹೆಚ್ಚು.

ನಾಚಿಕೆಯ ಮಾತಿಗೆ ಬಂದರೆ, ಚರ್ಚಿನಲ್ಲಿ ‘ಸ್ತನ’ ಎಂಬ ಪದ ಮೈಕಿನಲ್ಲಿ ಹೇಳುವುದು ಹೇಗೆ ಎಂದು ನಮ್ಮ ಸಭೆಯಲ್ಲೇ ಅರ್ಧ ಗಂಟೆ ಚರ್ಚೆಯಾಗಿತ್ತು. ಫೆಬ್ರವರಿ 5 ಸಂತ ಅಗಾಥಾಳ ಹಬ್ಬ. ಸಿಸಿಲಿಯ ಈ ರಕ್ತಸಾಕ್ಷಿಯ ಸ್ತನಗಳನ್ನು ಕೊಯ್ದು ಹಿಂಸಿಸಿದರೆಂದು ಸಂಪ್ರದಾಯ ಹೇಳುತ್ತದೆ. ಸ್ತನರೋಗಿಗಳ ಪಾಲಕಿ ಅವಳು. ಹಳೆಯ ಚಿತ್ರಗಾರರು ಅವಳ ಕೈಯಲ್ಲಿ ತಟ್ಟೆ ಕೊಟ್ಟು, ಅದರ ಮೇಲೆ ಸ್ತನಗಳನ್ನೇ ಬಿಡಿಸಿದ್ದಾರೆ. ನೂರಾರು ವರ್ಷಗಳ ಹಿಂದೆ ಅವರಿಗಿಲ್ಲದ ಸಂಕೋಚ ಪೆರ್ಲದಲ್ಲಿ ನಮಗೇಕೆ? ಗಂಡಸರೇ, ಸ್ತನ ಕ್ಯಾನ್ಸರ್ ಆದವರಲ್ಲಿ ನೂರಕ್ಕೆ ಒಬ್ಬರಷ್ಟು ನೀವೂ ಇರುತ್ತೀರಿ, ಆದ್ದರಿಂದ ಹೊರಗೆ ಬೈಕಿನ ಮೇಲೆ ಕೂತು ಕಾಯುವುದು ಬಿಟ್ಟು ಒಳಗೆ ಬನ್ನಿ.

ಮೊಂತಿ ಹಬ್ಬದ ದಿನ ಹೊಸ ತೆನೆ ಹಿಡಿದುಕೊಂಡು ಆ ಮನೆಗೆ ಹೋದ ನಮ್ಮ ಗುಂಪಿನ ನರ್ಸಿಂಗ್ ವಿದ್ಯಾರ್ಥಿನಿಯ ಕಣ್ಣಿಗೆ ಲಕೋಟೆ ಬಿತ್ತು. ಓದಿ ನೋಡಿದಳು, 4ಬಿ. ಅದೇ ವಾರ ಜೊತೆಗೆ ಹೋಗಿ ಬಯಾಪ್ಸಿ ಮಾಡಿಸಿದಳು. ಕ್ಯಾನ್ಸರೇ ಆಗಿತ್ತು, ಆದರೆ ಗಡ್ಡೆ ಸಣ್ಣದು, ಕಂಕುಳಿಗೆ ಹೋಗಿಲ್ಲ. ಶಸ್ತ್ರಚಿಕಿತ್ಸೆ ಆಗಿದೆ. ಆ ಮೂರು ತಿಂಗಳಲ್ಲಿ ಎಷ್ಟು ಬೆಳೆಯಿತು ಎಂದು ವೈದ್ಯರೂ ಹೇಳಲಾರರು. ಮಗಳು ಮಾತ್ರ ಈಗಲೂ ಆ ಲೆಕ್ಕ ಹಾಕುತ್ತಾ ಕೂರುತ್ತಾಳೆ.

ಮುಂದಿನ ಶಿಬಿರದಲ್ಲಿ ಬಿರಿಯಾನಿ ಇರುವುದಿಲ್ಲ. ಆ ಹಣ ಚೀಟಿ ಸಿಕ್ಕಿದವರ ಬಸ್ಸು, ಜೀಪಿನ ಖರ್ಚಿಗೆ. ಒಬ್ಬೊಬ್ಬರ ಜೊತೆ ನಮ್ಮಲ್ಲಿ ಒಬ್ಬರು ಹೋಗಬೇಕು, ಬಯಾಪ್ಸಿ ವರದಿ ಕೈಗೆ ಬರುವವರೆಗೆ. ಫಾದರ್ ಒಪ್ಪಿದ್ದಾರೆ, ಸ್ತ್ರೀ ಸಂಘಟನೆಯವರೂ ಸೇರುತ್ತಾರೆ. ಹಳೆಯ ಏಳು ಚೀಟಿಗಳಲ್ಲಿ ಐವರ ಮನೆಗೆ ಹೋಗಿ ವಿಚಾರಿಸಿದ್ದೇವೆ. ಉಳಿದ ಇಬ್ಬರ ಮನೆಗೆ ಬರುವ ಭಾನುವಾರ ಪೂಜೆ ಮುಗಿದ ಕೂಡಲೇ ಹೊರಡುತ್ತೇವೆ.