ಸಂಡೂರು ರೋಡಿಗೆ ಸ್ವಿಫ್ಟೇ ಸಾಕಪ್ಪಾ

2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಗಣಿಗಾರಿಕೆ ನಿಲ್ಲಿಸಿತು, ಆದ್ರೆ ಆ ಕಾಲದ ಫಾರಿನ್ ಕಾರ್ ಕ್ರೇಜ್ ಇನ್ನೂ ಇಳಿದಿಲ್ಲ. ಸ್ಪೋರ್ಟ್ಸ್ ಕಾರ್ ಮಾರಿ ಸ್ವಿಫ್ಟ್ ತಗೊಂಡವನನ್ನ ನೋಡಿ 'ಪಾಪ, ದಿವಾಳಿ ಎದ್ದ' ಅಂತೀವಲ್ಲ, ಯಾಕೆ? ಅವನೇ ಜಾಣ ಅಂತೀನಿ ನಾನು. ಸಂಡೂರಲ್ಲಿ ಅದಿರು ಲಾರಿ ಹಿಂದೆ ಕೆಂಪು ಧೂಳು ತಿನ್ನುವಾಗ 300 ಹಾರ್ಸ್‌ಪವರ್ ಏನ್ ಮಾಡುತ್ತೆ? ಹಂಪಿಯ ವಿಠ್ಠಲ ದೇವಸ್ಥಾನಕ್ಕಂತೂ ಬ್ಯಾಟರಿ ಗಾಡಿಯೇ ಗತಿ. ಡ್ಯಾಮಿಂದ ನೀರು ಬಿಟ್ಟು ಕಂಪ್ಲಿ ಸೇತುವೆ ಮುಳುಗಿದ್ರೆ ಯಾವ ಕಾರಾದ್ರೂ ವಾಪಸ್ಸೇ! ಸ್ವಿಫ್ಟ್ ಗ್ರೌಂಡ್ ಕ್ಲಿಯರೆನ್ಸ್ 163 ಮಿಲಿಮೀಟರ್, ಹಂಪ್ ಕಂಡ್ರೆ ಎದೆ ಡವಡವ ಅನ್ನಲ್ಲ. ತೂಕ ಒಂದು ಟನ್ನಿಗಿಂತ ಕಡಿಮೆ. ಹಾಗಾಗಿ ಸಂಡೂರು ಗುಡ್ಡದ ತಿರುವಲ್ಲಿ 50ರ ಸ್ಪೀಡಲ್ಲೇ ಮಜಾ ಸಿಗುತ್ತೆ. ಹಿಂದಿನ ಸೀಟಲ್ಲಿ ಮೂರು ಜನ ಫ್ರೆಂಡ್ಸೂ ಕೂರ್ತಾರೆ, ಪೆಟ್ರೋಲ್ ದುಡ್ಡು ಶೇರ್ ಮಾಡೋಕೆ.